ಜಮಾಖರ್ಚಿಗೆ ಬಾರದ ದುಡಿಮೆ

ಕನ್ನಡದ ಒಂದು ವಾರಪತ್ರಿಕೆಯೋ ಮಾಸಪತ್ರಿಕೆಯೋ ನಿಂತುಹೋದಾಗ ನಮ್ಮ ಕಿವಿಗೆ ಬೀಳುವ ಕಾರಣಗಳು ಹೆಚ್ಚುಕಡಿಮೆ ಒಂದೇ: ಕಾಗದ ತುಟ್ಟಿಯಾಯಿತು, ಓದುವವರು ಕಡಿಮೆಯಾದರು, ದುಡಿಯುವವರಿಗೆ ಪಗಾರ ಕೊಟ್ಟು ಪೂರೈಸಲಿಲ್ಲ. ಕಾಗದದ ಮಾತು ಖರೆಯೋ ಸುಳ್ಳೋ ಎಂಬುದನ್ನು ಪೇಟೆಯ ದರ ನೋಡಿ ಹೇಳಬಹುದು. ಓದುಗರ ಮಾತನ್ನು ಮಾರಾಟದ ಅಂಕಿ ನೋಡಿ ಹೇಳಬಹುದು. ಪಗಾರದ ಮಾತನ್ನು ಮಾತ್ರ ಯಾರೂ ತಾಳೆ ನೋಡಲು ಹೋಗುವುದಿಲ್ಲ. ಕೇಳಿದವರೆಲ್ಲ ತಲೆಯಾಡಿಸಿ ಒಪ್ಪಿಬಿಡುತ್ತಾರೆ. ಇವತ್ತು ನಾನು ಆಡಬೇಕೆಂದಿರುವುದು ಆ ಪಗಾರದ ಮಾತನ್ನೇ. ಒಂದು ಸಂಚಿಕೆ ಓದುಗನ ಕೈ ಸೇರುವ ತನಕ ಅದಕ್ಕಾಗಿ ಎಷ್ಟು ಜನ ದುಡಿಯುತ್ತಾರೋ ಆ ಒಟ್ಟು ದುಡಿಮೆಯಲ್ಲಿ ಪತ್ರಿಕೆಯ ಪಗಾರದ ಪುಸ್ತಕಕ್ಕೆ ಏರಿದ ಪಾಲು ಕನ್ನಡದಲ್ಲಿ ಬಹುಪಾಲು ಸಣ್ಣದಾಗಿಯೇ ಉಳಿದಿದೆ. ಉಳಿದ ಪಾಲನ್ನು ಒಂದು ಕಾಲಕ್ಕೆ ಮಿಶನ್ನು ಹೊತ್ತಿತು, ಇನ್ನೊಂದು ಕಾಲಕ್ಕೆ ಶಾಲೆ-ಕಾಲೇಜು ಹೊತ್ತವು, ಅಂಚೆ ಇಲಾಖೆ ಹೊತ್ತಿತು, ಬರೆಯುವವರ ಮನೆಮಂದಿ ಹೊತ್ತರು. ಹೀಗಾಗಿ ಈ ಖರ್ಚು ಏರಿತೋ ಇಳಿಯಿತೋ ಎಂದು ಕೇಳುವುದರಿಂದ ತಿಳಿಯುವುದು ಕಡಿಮೆ. ಯಾವಾಗ ಯಾರ ಹೆಗಲಿನಿಂದ ಯಾರ ಹೆಗಲಿಗೆ ಹೋಯಿತು ಎಂದು ಕೇಳಬೇಕು. ಹಾಗೆ ಕೇಳುತ್ತ ಹೋದರೆ ದಾರಿ ಕೊನೆಗೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳಿಗೆ ಬಂದು ಮುಟ್ಟುತ್ತದೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಟಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಸಂಪಾದಕ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಪಾದ್ರಿ. ಛಾಪಿಸಿದ್ದು ಕಲ್ಲಚ್ಚಿನಲ್ಲಿ, ಅಂದರೆ ಮೊಳೆ ಜೋಡಿಸುವ ಕೆಲಸವಿಲ್ಲ, ಕೈಯಿಂದ ಬರೆದದ್ದನ್ನೇ ಕಲ್ಲಿನ ಮೇಲಿಳಿಸಿ ಕಾಗದಕ್ಕೆ ಒತ್ತುವುದು. ಸಂಪಾದಕನ ಊಟ-ವಸತಿ ಮಿಶನ್ನಿನದು. ಓದುಗ ಕೊಟ್ಟ ಒಂದು ದುಡ್ಡಿನಲ್ಲಿ ಅದು ಸೇರಿರಲಿಲ್ಲ. ನಮ್ಮ ಧಾರವಾಡದ ಕಡೆ ಈ ಏರ್ಪಾಟು ಬೇರೆ ರೂಪ ತಳೆಯಿತು. ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದ ವೆಂಕಟ ರಂಗೋ ಕಟ್ಟಿಯವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಪತ್ರಿಕೆಗಳ ಕೆಲಸ ಮಾಡಿದರು; ಅವರ ಸಂಸಾರ ಸಾಗಿದ್ದು ಇಲಾಖೆಯ ಪಗಾರದಿಂದ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ಆರಂಭಿಸಿತು. 1921ರಲ್ಲಿ ಧಾರವಾಡದಿಂದಲೇ ‘ಕರ್ಮವೀರ’ ಬಂತು, 1922ರಲ್ಲಿ ಆಲೂರ ವೆಂಕಟರಾಯರ ‘ಜಯ ಕರ್ನಾಟಕ’ ಬಂತು. ಮೊದಲನೆಯದರ ಹಿಂದೆ ರಾಷ್ಟ್ರೀಯ ಚಳವಳಿ, ಎರಡನೆಯದರ ಹಿಂದೆ ಏಕೀಕರಣದ ಹಂಬಲ. ಎರಡು ಕಡೆಯೂ ಬರೆಯುವವರು ಬೇರೆಲ್ಲೋ ಗಳಿಸಿ ಇಲ್ಲಿ ಬರೆಯುವುದು ವಾಡಿಕೆ. ಬೇಂದ್ರೆಯವರನ್ನು ನೋಡಿ: ‘ಜಯ ಕರ್ನಾಟಕ’ದ ಸಂಪಾದಕತ್ವದಲ್ಲಿ ಕೈಯಿಟ್ಟ ಕವಿಗೆ ಹೊಟ್ಟೆಪಾಡಿಗೆ ಮಾಸ್ತರಿಕೆಯೇ ಬೇಕಾಯಿತು, ಒಂದು ಕವಿತೆಯ ಕಾರಣಕ್ಕೆ ಜೈಲಾಗಿ ಆ ಮಾಸ್ತರಿಕೆ ತಪ್ಪಿದಾಗ ಬಂದ ಕಷ್ಟಕ್ಕೆ ಯಾವ ಪತ್ರಿಕೆಯ ಸಂಭಾವನೆಯೂ ಪರಿಹಾರವಾಗಲಿಲ್ಲ. ಮೈಸೂರು ಸರಕಾರದ ದೊಡ್ಡ ಹುದ್ದೆಯಿಂದ ಹೊರಬಂದ ಮಾಸ್ತಿಯವರು ಧಾರವಾಡದಲ್ಲಿ ಹುಟ್ಟಿದ ‘ಜೀವನ’ವನ್ನು 1944ರಿಂದ ಎರಡು ದಶಕ ನಡೆಸಿದರು. ಇದೆಲ್ಲ ತ್ಯಾಗದ ಕಥೆಯೆಂದು ನಾವು ಓದುತ್ತ ಬಂದಿದ್ದೇವೆ. ತ್ಯಾಗ ಹೌದು, ಜೊತೆಗೆ ಅದು ಒಂದು ಹಣಕಾಸಿನ ವ್ಯವಸ್ಥೆಯೂ ಹೌದು. ಸಂಪಾದಕನ ದುಡಿಮೆಗೆ ಬೇರೊಬ್ಬ ಧಣಿ ಪಗಾರ ಕೊಡುತ್ತಿದ್ದ, ಪತ್ರಿಕೆ ಅದನ್ನು ಸೋವಿ ಬೆಲೆಗೆ ಮಾರುತ್ತಿತ್ತು.

ಆ ಕಾಲದಲ್ಲಿ ಪತ್ರಿಕೆಯ ಖರ್ಚಿನಲ್ಲಿ ಕೂಲಿ ಎಂದು ನಿಜವಾಗಿ ಕಾಣುತ್ತಿದ್ದದ್ದು ಛಾಪಖಾನೆಯವರದು. ಮೊಳೆ ಜೋಡಿಸುವವನ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದೆ ಏನು ಕಳೆದುಹೋಯಿತು ಎಂಬುದು ಇದರಿಂದಲೇ ತಿಳಿಯುವುದು. ಮೊಳೆಗಳನ್ನು ಬೇರೆ ಬೇರೆ ಮನೆಗಳಲ್ಲಿ ತುಂಬಿ ಇಳಿಜಾರಾಗಿ ಇಟ್ಟ ಕೇಸಿನ ಮುಂದೆ ಅವನು ನಿಂತೇ ಇರುತ್ತಾನೆ. ಎಡಗೈಯಲ್ಲಿ ಸ್ಟಿಕ್ಕು. ಬಲಗೈ ಒಂದೊಂದು ಮನೆಯಿಂದ ಒಂದೊಂದು ಸೀಸದ ಮೊಳೆ ಎತ್ತಿ ತಲೆಕೆಳಗಾಗಿ ಸಾಲು ಕೂಡಿಸುತ್ತದೆ. ಇಂಗ್ಲಿಷಿಗೆ ಸಾಕಾಗುವ ಕೇಸು ಕನ್ನಡಕ್ಕೆ ಸಾಲದು: ಗುಣಿತಾಕ್ಷರಕ್ಕೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ, ಹೀಗೆ ನೂರಾರು ಮನೆಗಳನ್ನು ಕೈಗೆ ಬಾಯಿಪಾಠ ಮಾಡಿಸಬೇಕು. ಸಾಲು ತುಂಬಿದ ಮೇಲೆ ಗ್ಯಾಲಿ ಎಂಬ ತಟ್ಟೆಗೆ ಇಳಿಸಿ, ಕರಡು ತೆಗೆದು, ತಿದ್ದಿ ಬಂದ ತಪ್ಪುಗಳನ್ನು ಚಿಮಟದಿಂದ ಕಿತ್ತು ಬದಲಿಸಬೇಕು. ಛಾಪಿಸಿ ಆಯಿತೆಂದರೆ ಕೆಲಸ ಮುಗಿಯಲಿಲ್ಲ. ಜೋಡಿಸಿದ್ದನ್ನೆಲ್ಲ ಬಿಚ್ಚಿ ಪ್ರತಿ ಮೊಳೆಯನ್ನೂ ಅದರದರ ಮನೆಗೆ ಮರಳಿ ಹಾಕಬೇಕು. ನಮ್ಮ ಸಣ್ಣ ಛಾಪಖಾನೆಗಳಲ್ಲಿ ಒಂದು ಸಂಚಿಕೆಗೆ ಸಾಲುವಷ್ಟು ಮೊಳೆಗಳ ದಾಸ್ತಾನು ಇರುತ್ತಿರಲಿಲ್ಲ. ಎಂಟು ಪುಟ ಜೋಡಿಸಿ, ಛಾಪಿಸಿ, ಬಿಚ್ಚಿ ಹಂಚಿದ ಮೇಲೆಯೇ ಮುಂದಿನ ಎಂಟು ಪುಟ. ಬಂಡವಾಳ ಕಡಿಮೆಯಿದ್ದಷ್ಟೂ ಕೈಕೆಲಸ ಹೆಚ್ಚು. ಮಾಸಪತ್ರಿಕೆ ತಡವಾಗಿ ಬರುವುದಕ್ಕೆ ಓದುಗರು ಸಂಪಾದಕನ ಆಲಸ್ಯವನ್ನು ಬೈಯುತ್ತಿದ್ದರು. ಎಷ್ಟೋ ಸಲ ಕಾರಣ ಒತ್ತಕ್ಷರದ ಮೊಳೆಗಳ ಕೊರತೆ. ಕಸುಬು ಕೈಗೆ ಹತ್ತಲು ವರ್ಷಗಳು ಬೇಕು, ಸೀಸದ ಧೂಳು ಉಚಿತ, ಕೂಲಿ ಪುಟದ ಲೆಕ್ಕಕ್ಕೋ ತಿಂಗಳ ಲೆಕ್ಕಕ್ಕೋ. 1948ರ ಕನಿಷ್ಠ ವೇತನ ಕಾಯಿದೆ ಬಂದು, ಮುಂದೆ ರಾಜ್ಯದ ಪಟ್ಟಿಯಲ್ಲಿ ಮುದ್ರಣಾಲಯಗಳೂ ಸೇರಿದಾಗ ಈ ಕೂಲಿಗೆ ಕಾಗದದ ಮೇಲಾದರೂ ಒಂದು ಕೆಳಮಿತಿ ಬಂತು.

ಸಂಪಾದಕೀಯ ಬಳಗದ ದುಡಿಮೆಗೆ ಪಗಾರ ಎಂಬುದು ಗಟ್ಟಿಯಾಗಿ ಬಂದದ್ದು ಪತ್ರಿಕೆಗಳು ಸಂಸ್ಥೆಗಳಾದ ಮೇಲೆ. ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟಿನ ಆಸರೆಯಲ್ಲಿ ‘ಸಂಯುಕ್ತ ಕರ್ನಾಟಕ’ವಿತ್ತು, ‘ಕರ್ಮವೀರ’ವಿತ್ತು, 1956ರಲ್ಲಿ ‘ಕಸ್ತೂರಿ’ ಬಂತು. ‘ಕಸ್ತೂರಿ’ಯ ಸಂಪಾದಕ ಪಾ.ವೆಂ. ಆಚಾರ್ಯರು 1975ರವರೆಗೆ ಆ ಕುರ್ಚಿಯಲ್ಲಿದ್ದರು. ಡೈಜೆಸ್ಟಿನ ಮಾದರಿಯ ಪತ್ರಿಕೆಗೆ ಬೇಕಾದ ಓದು, ಆಯ್ಕೆ, ಅನುವಾದ, ಸಂಕ್ಷೇಪ, ಪದಗಳ ಹುಟ್ಟು ಹುಡುಕುವ ಅಂಕಣ, ಲಾಂಗೂಲಾಚಾರ್ಯ ಎಂಬ ಹೆಸರಿನ ಹಾಸ್ಯ, ಇಷ್ಟನ್ನೂ ಅವರು ಹೊತ್ತರು. ನಾಲ್ಕು ಜನ ಮಾಡುವ ಕೆಲಸ ಒಬ್ಬರ ಪಗಾರದ ಸಾಲಿನಲ್ಲಿ ಅಡಗಿ ಕುಳಿತಿತ್ತು ಎಂದರೆ ಅತಿಶಯವಲ್ಲ. ಹೆಚ್ಚುಕಡಿಮೆ ಇದೇ ಹೊತ್ತಿಗೆ ದಿಲ್ಲಿಯಲ್ಲಿ ಕಾಯಿದೆಯ ಕೆಲಸ ನಡೆದಿತ್ತು. ನ್ಯಾಯಮೂರ್ತಿ ರಾಜಾಧ್ಯಕ್ಷರ ಪ್ರೆಸ್ ಕಮಿಶನ್ 1954ರಲ್ಲಿ ವರದಿ ಕೊಟ್ಟಿತು. 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯಿದೆ ಬಂತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸಬಾರದು, ಸಂಪಾದಕನನ್ನು ತೆಗೆಯಬೇಕಾದರೆ ಆರು ತಿಂಗಳ, ಉಳಿದ ಪತ್ರಕರ್ತರನ್ನು ತೆಗೆಯಬೇಕಾದರೆ ಮೂರು ತಿಂಗಳ ಮುನ್ಸೂಚನೆ ಕೊಡಬೇಕು, ಪಗಾರ ಗೊತ್ತುಮಾಡಲು ವೇತನ ಮಂಡಳಿ ಇರಬೇಕು ಎಂದು ಅದು ಹೇಳಿತು. ಮೊದಲ ಮಂಡಳಿ ದಿವಾಟಿಯಾ ಅವರದು. ಅದು 1957ರಲ್ಲಿ ಕೊಟ್ಟ ತೀರ್ಮಾನವನ್ನು ಸುಪ್ರೀಂ ಕೋರ್ಟು 1958ರ ಮಾರ್ಚಿನಲ್ಲಿ ತಳ್ಳಿಹಾಕಿತು. ಕಾರಣ ಗಮನಿಸಬೇಕಾದದ್ದು: ಈ ಉದ್ಯಮಕ್ಕೆ ಇಷ್ಟು ಪಗಾರ ಕೊಡುವ ತಾಕತ್ತು ಇದೆಯೇ ಎಂದು ಮಂಡಳಿ ನೋಡಲಿಲ್ಲ ಎಂಬುದು. ಅಂದಿನಿಂದ ಪತ್ರಿಕೆಗಳ ಪಗಾರದ ಚರ್ಚೆಯೆಲ್ಲ ಧಣಿಯ ತಾಕತ್ತಿನ ಸುತ್ತ ತಿರುಗಿದೆ. ಶಿಂದೆ, ಪಾಳೇಕರ್, ಬಚಾವತ್, ಮಣಿಸಾನ, ಮಜೀಠಿಯಾ ಎಂದು ಒಂದರ ಹಿಂದೊಂದು ತೀರ್ಮಾನಗಳು ಬಂದವು. ಕೊನೆಯದು 2011ರ ನವೆಂಬರಿನಲ್ಲಿ ಪ್ರಕಟವಾಗಿ, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಪಡೆದು, ಅದನ್ನು ಪಾಲಿಸಲಿಲ್ಲವೆಂಬ ತಕರಾರು 2017ರವರೆಗೂ ಅದೇ ಕೋರ್ಟಿನಲ್ಲಿ ನಡೆಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ: ಸಣ್ಣ ಪತ್ರಿಕೆಗಳನ್ನು ಕೊಂದದ್ದೇ ಈ ಮಂಡಳಿಗಳು. ದಿಲ್ಲಿಯ, ಮುಂಬೈಯ ದೊಡ್ಡ ಪತ್ರಿಕೆಗಳ ಅಳತೆಗೆ ಹೊಲಿದ ಅಂಗಿಯನ್ನು ಹುಬ್ಬಳ್ಳಿಯ ವಾರಪತ್ರಿಕೆಗೆ ತೊಡಿಸಿದರು ಎಂದು. ಮೇಲುನೋಟಕ್ಕೆ ನ್ಯಾಯವಾಗಿ ಕಾಣುವ ಈ ಮಾತು ತೀರ್ಮಾನಗಳನ್ನು ತೆರೆದು ನೋಡಿದರೆ ನಿಲ್ಲುವುದಿಲ್ಲ. ಮಜೀಠಿಯಾ ತೀರ್ಮಾನ ಪತ್ರಿಕೆಗಳನ್ನು ಅವುಗಳ ಒಟ್ಟು ವರಮಾನ ನೋಡಿ ಎಂಟು ವರ್ಗ ಮಾಡಿತು. ಸಾವಿರ ಕೋಟಿ ಮತ್ತು ಮೇಲಿನವು ಮೊದಲ ವರ್ಗ, ಒಂದು ಕೋಟಿಗಿಂತ ಕಡಿಮೆಯವು ಎಂಟನೆಯ ವರ್ಗ, ಒಂದೊಂದಕ್ಕೂ ಬೇರೆ ಬೇರೆ ಪಗಾರ. ಅಂಗಿಗೆ ಎಂಟು ಅಳತೆ ಇತ್ತು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. 1955ರ ಕಾಯಿದೆಯ ಕಣ್ಣಿಗೆ ಪತ್ರಿಕೆ ಎಂದರೆ ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟೀಕೆ ಇರುವ ಮುದ್ರಿತ ನಿಯತಕಾಲಿಕವಾಗಿತ್ತು. ಕಥೆ-ಕವಿತೆ-ವಿಮರ್ಶೆಯ ಪತ್ರಿಕೆಗಳು ಬಹುಮಟ್ಟಿಗೆ ಈ ಬಲೆಯ ಹೊರಗೇ ಉಳಿದವು, ಮತ್ತು ಅವುಗಳಲ್ಲಿ ಪಗಾರದ ನೌಕರರೇ ಇರಲಿಲ್ಲ. ನೌಕರರಿಲ್ಲದ ಪತ್ರಿಕೆಯನ್ನು ನೌಕರರ ಪಗಾರ ಕೊಲ್ಲುವುದು ಹೇಗೆ? ಸುದ್ದಿಪತ್ರಿಕೆಗಳ ಮನೆಗಳಲ್ಲಿ ಮಂಡಳಿಯ ಒತ್ತಡ ಬಿದ್ದದ್ದು ನಿಜ. ಅಲ್ಲಿ ಅದು ಹೆಚ್ಚಾಗಿ ಕಾಯಂ ನೌಕರಿಯನ್ನು ಗುತ್ತಿಗೆಯಾಗಿ ಬದಲಿಸಿತು. ಗುತ್ತಿಗೆಯವನು ಅದೇ ಮೇಜಿನ ಮುಂದೆ ಕುಳಿತು ಅದೇ ಕೆಲಸ ಮಾಡುತ್ತಾನೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅವನ ಕಾಲಂ ಬೇರೆ.

ಸಾಹಿತ್ಯ ಪತ್ರಿಕೆಗಳ ಮಾತು ಬಂದಿತಲ್ಲ, ಧಾರವಾಡದ ‘ಸಂಕ್ರಮಣ’ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. 1964ರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ ಆರಂಭಿಸಿದ ಪತ್ರಿಕೆ ಅದು. ಮುಂದೆ ಚಂಪಾ ಅದನ್ನು ಐದು ದಶಕ ದಾಟಿಸಿದರು. ಮೂವರೂ ಕಾಲೇಜಿನಲ್ಲಿ ಪಾಠ ಹೇಳುವವರು. ಹಸ್ತಪ್ರತಿ ಓದುವುದು, ಕರಡು ತಿದ್ದುವುದು, ವರ್ಗಣಿ ಕೂಡಿಸುವುದು ಪಾಠದ ಆಚೆಯ ವೇಳೆಯಲ್ಲಿ. ಗೋಪಾಲಕೃಷ್ಣ ಅಡಿಗರು 1962ರಲ್ಲಿ ‘ಸಾಕ್ಷಿ’ ಆರಂಭಿಸಿದಾಗ ಅವರೂ ಅಧ್ಯಾಪಕರೇ. 2005ರಲ್ಲಿ ‘ದೇಶಕಾಲ’ ಆರಂಭಿಸಿದ ವಿವೇಕ ಶಾನಭಾಗರು ಕಸುಬಿನಿಂದ ಎಂಜಿನಿಯರು. ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಕನ್ನಡ ನವ್ಯ ಮತ್ತು ನವ್ಯೋತ್ತರ ಸಾಹಿತ್ಯದ ಸಂಪಾದನೆಯ ಖರ್ಚಿನ ದೊಡ್ಡ ಪಾಲನ್ನು ರಾಜ್ಯದ ಕಾಲೇಜುಗಳು ತಮಗೆ ಗೊತ್ತಿಲ್ಲದೆಯೇ ಭರಿಸಿವೆ. ಅದರಲ್ಲಿ ತಪ್ಪೇನೂ ಇಲ್ಲ. ಬೋಧಕನ ಕೆಲಸ ಹಗುರಾಗಿದ್ದು ಅವನಿಗೆ ಸಂಜೆ ಎಂಬುದೊಂದು ಇದ್ದ ತನಕ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಆದರೆ ಕಾಲೇಜುಗಳು ಇಂದು ಕಾಯಂ ಹುದ್ದೆ ತುಂಬದೆ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿರುವಾಗ, ಮೂರು ಊರುಗಳಿಗೆ ಬಸ್ಸು ಹಿಡಿದು ತಾಸಿನ ಲೆಕ್ಕಕ್ಕೆ ಪಾಠ ಹೇಳುವ ತರುಣ ಹೊಸ ‘ಸಂಕ್ರಮಣ’ ಕಟ್ಟಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಇಂದು ಸಣ್ಣ ಪತ್ರಿಕೆಗಳು ಹುಟ್ಟುತ್ತಿಲ್ಲ ಎಂದು ಕೊರಗುವವರು ತರುಣರ ಅಭಿರುಚಿಯನ್ನು ದೂರುವ ಮೊದಲು ಅವರ ನೇಮಕದ ಪತ್ರವನ್ನು ಓದಬೇಕು.

ಇನ್ನು ಯಂತ್ರದ ಮಾತು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಬಂದಾಗ ಅದರ ಮುದ್ರಣದ ಚೆಲುವಿಗೆ ಕನ್ನಡ ನಾಡು ಬೆರಗಾಯಿತು. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಡಿಟಿಪಿ ಮತ್ತು ಆಫ್‌ಸೆಟ್ ಸಣ್ಣ ಊರುಗಳಿಗೂ ಬಂದವು. 1998ರಲ್ಲಿ ‘ಬರಹ’ ತಂತ್ರಾಂಶ, ಅದರ ಹಿಂದೆಯೇ ‘ನುಡಿ’ ಬಂದು ಮನೆಯಲ್ಲೇ ಕನ್ನಡ ಬೆರಳಚ್ಚಿಸುವುದು ಸಾಧ್ಯವಾಯಿತು. ಮೊಳೆ ಜೋಡಿಸುವವನ ಕಸುಬು ಒಂದೇ ತಲೆಮಾರಿನಲ್ಲಿ ಇಲ್ಲವಾಯಿತು. ಲಂಡನ್ನಿನಲ್ಲಿ ಇದೇ ಬದಲಾವಣೆ ಬಂದಾಗ, 1986ರ ಜನವರಿಯಲ್ಲಿ, ರೂಪರ್ಟ್ ಮರ್ಡಾಕ್ ತನ್ನ ಪತ್ರಿಕೆಗಳನ್ನು ವ್ಯಾಪಿಂಗ್ ಎಂಬಲ್ಲಿಗೆ ಒಯ್ದು ಮುಷ್ಕರ ಹೂಡಿದ ಐದು ಸಾವಿರಕ್ಕೂ ಹೆಚ್ಚು ಮುದ್ರಣ ನೌಕರರನ್ನು ತೆಗೆದುಹಾಕಿದ. ಬೀದಿಯ ಜಗಳ ಒಂದು ವರ್ಷ ನಡೆದು ಜಗತ್ತಿಗೆಲ್ಲ ಸುದ್ದಿಯಾಯಿತು. ನಮ್ಮಲ್ಲಿ ಛಾಪಖಾನೆಗಳೇ ಸಣ್ಣವು, ಒಂದೊಂದರಲ್ಲಿ ಬೆರಳೆಣಿಕೆಯ ಜನ. ಒಬ್ಬೊಬ್ಬರಾಗಿ ಬಿಟ್ಟುಹೋದರು, ಕೇಸುಗಳು ಗುಜರಿಗೆ, ಸೀಸ ತೂಕಕ್ಕೆ ಹೋಯಿತು. ಆಗ ಉಳಿದ ಕೂಲಿ ಎಲ್ಲಿ ಹೋಯಿತು ಎಂದು ಕೇಳಬೇಕು. ಒಂದು ಪಾಲು ಯಂತ್ರದ ಸಾಲದ ಕಂತಿಗೆ, ಬಣ್ಣದ ಪುಟಗಳಿಗೆ ಹೋಯಿತು. ಕೆಲಸದ ಇನ್ನೊಂದು ಪಾಲು ಸದ್ದಿಲ್ಲದೆ ಬರೆಯುವವನ ಮೇಲೆ ಬಿತ್ತು. ಲೇಖನವನ್ನು ಯುನಿಕೋಡಿನಲ್ಲಿ ಬೆರಳಚ್ಚಿಸಿ ಇಮೇಲ್ ಮಾಡಿ ಎಂದು ಪತ್ರಿಕೆಗಳು ಕೇಳುತ್ತವಲ್ಲ, ಅದು ಹಿಂದೆ ಕಂಪೋಸಿಟರನಿಗೆ ಕೂಲಿ ಕೊಟ್ಟು ಮಾಡಿಸುತ್ತಿದ್ದ ಕೆಲಸ. ಈಗ ಲೇಖಕ ಅದನ್ನು ಪುಕ್ಕಟೆ ಮಾಡಿ ಕೊಡುತ್ತಾನೆ. ಅದಕ್ಕಾಗಿ ಸಂಭಾವನೆ ಒಂದು ರೂಪಾಯಿ ಏರಿದ ಉದಾಹರಣೆ ಕಡಿಮೆ. ಕರಡು ತಿದ್ದುವವನ ಕುರ್ಚಿಯೂ ಹೋಯಿತು. 1955ರ ಕಾಯಿದೆ ಕರಡು ತಿದ್ದುವವನನ್ನು ಪತ್ರಕರ್ತರ ಸಾಲಿನಲ್ಲಿ ಹೆಸರಿಸಿ ಕೂರಿಸಿತ್ತು. ಇವತ್ತಿನ ಪುಟಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾದದ್ದು ಕಂಡಾಗ ಉಪಸಂಪಾದಕನ ವಿದ್ಯೆಯನ್ನು ಹಳಿಯುತ್ತೇವೆ. ಅಲ್ಲಿ ಒಂದು ಹುದ್ದೆ ರದ್ದಾಗಿದೆ ಎಂದು ಓದಿಕೊಳ್ಳುವುದು ಹೆಚ್ಚು ಸರಿ.

ಯಂತ್ರ ಎಷ್ಟು ಬಂದರೂ ಕಡಿಮೆಯಾಗದ ದುಡಿಮೆ ಒಂದಿದೆ, ಅದರ ಬಗ್ಗೆ ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಹೇಳಿದ್ದಾರೆ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೊವೆನ್ ಎಂಬ ಅಮೆರಿಕದ ಇಬ್ಬರು 1966ರಲ್ಲಿ ನಾಟಕ-ಸಂಗೀತಗಳ ಖರ್ಚನ್ನು ಕುರಿತು ಬರೆದ ಪುಸ್ತಕದಲ್ಲಿ ಅದರ ವಿವರಣೆ ಇದೆ. ನಮಗೆ ತಿಳಿಯಲು ಕುಂದಗೋಳದ ನಾಡಿಗೇರ ವಾಡೆಯವರೆಗೆ ಹೋದರೆ ಸಾಕು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಕಾಲದಲ್ಲಿ ಒಂದು ಬಡಾ ಖ್ಯಾಲನ್ನು ಬೆಳೆಸಲು ಎಷ್ಟು ಹೊತ್ತು ಬೇಕಿತ್ತೋ ಅಲ್ಲಿ ನಡೆಯುವ ಅವರ ಸ್ಮರಣೆಯ ಉತ್ಸವದಲ್ಲಿ ಇಂದು ಹಾಡುವವರಿಗೂ ಅಷ್ಟೇ ಹೊತ್ತು ಬೇಕು. ಖರ್ಚು ಉಳಿಸಲೆಂದು ವಿಲಂಬಿತವನ್ನು ದ್ರುತ ಮಾಡಲಾಗದು. ಹೊಲದಲ್ಲಿ ಟ್ರ್ಯಾಕ್ಟರು, ಕಚೇರಿಯಲ್ಲಿ ಕಂಪ್ಯೂಟರು ಬಂದು ಉಳಿದ ಕೆಲಸಗಳ ಗಳಿಕೆ ಏರಿದಂತೆ ಹಾಡುವವನ ಬಿದಾಗಿಯೂ ಏರಬೇಕು, ಇಲ್ಲವೇ ಅವನು ಹಾಡುವುದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಕು. ಪತ್ರಿಕೆಯ ಕಚೇರಿಯಲ್ಲಿ ಒಂದು ಕಥೆಯ ಹಸ್ತಪ್ರತಿಯನ್ನು ಗಮನವಿಟ್ಟು ಓದುವುದು, ಒಂದು ಅಂಕಿಯನ್ನು ತಾಳೆ ನೋಡುವುದು, ಒಂದು ಹಳ್ಳಿಗೆ ಹೋಗಿ ನಾಲ್ಕು ಜನರ ಮಾತು ಕೇಳಿ ಬರುವುದು ಈ ಜಾತಿಯ ಕೆಲಸಗಳು. ‘ಕಸ್ತೂರಿ’ಯ ಮೊದಲ ಸಂಚಿಕೆಯ ಕಾಲದಲ್ಲಿ ತಗುಲಿದಷ್ಟೇ ವೇಳೆ ಇಂದೂ ತಗುಲುತ್ತದೆ. ಆದ್ದರಿಂದ ಮುದ್ರಣದ ಕೂಲಿ ಇಳಿದರೂ ಸಂಪಾದನೆಯ ಕೂಲಿ ಏರಲೇಬೇಕಿತ್ತು. ಏರಲಿಲ್ಲ ಎಂದರೆ ಎರಡರಲ್ಲಿ ಒಂದಾಗಿದೆ: ಆ ಕೆಲಸವನ್ನು ಯಾರೋ ತಮ್ಮ ಗಂಟಿನಿಂದ ಮಾಡುತ್ತಿದ್ದಾರೆ, ಅಥವಾ ಕೆಲಸವೇ ನಿಂತಿದೆ.

ತಾಲೂಕಿನ ಊರುಗಳಲ್ಲಿ ಎರಡೂ ಆಗಿವೆ. ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ನಸುಕಿನಲ್ಲಿ ಬಂದಿಳಿಯುವ ಪತ್ರಿಕೆಯ ಕಟ್ಟನ್ನು ಬಿಚ್ಚಿ ಮನೆಮನೆಗೆ ಹಾಕಿಸುವ ಏಜಂಟನೇ ಎಷ್ಟೋ ಕಡೆ ವರದಿಗಾರ, ಅವನೇ ಜಾಹೀರಾತು ತರುವವನು, ತಿಂಗಳ ಕೊನೆಗೆ ಬಾಕಿ ವಸೂಲಿಗೆ ತಿರುಗುವವನೂ ಅವನೇ. ಅವನ ಗಳಿಕೆ ಪ್ರತಿಯ ಮೇಲಿನ ಕಮಿಶನ್ನು, ಜಾಹೀರಾತಿನ ಮೇಲಿನ ಕಮಿಶನ್ನು. ಸುದ್ದಿಗೆಂದು ಬಿಡಿಯಾಗಿ ಬರುವುದು ಬಂದರೆ ಬಂತು. 1955ರ ಕಾಯಿದೆಗೆ 1989ರಲ್ಲಿ ಆದ ತಿದ್ದುಪಡಿಯಿಂದ ಪತ್ರಕರ್ತ ಎಂಬ ಮಾತಿನೊಳಗೆ ಅರೆಕಾಲಿಕರೂ ಸೇರಿದರು, ಆದರೆ ಅರೆಕಾಲಿಕ ಎಂಬ ನೇಮಕದ ಪತ್ರವನ್ನೇ ಕೊಡದಿದ್ದರೆ ಕಾಯಿದೆ ಏನು ಮಾಡೀತು? 1980ರ ಜುಲೈ 21ರಂದು ನವಲಗುಂದ-ನರಗುಂದಗಳಲ್ಲಿ ರೈತರ ಮೇಲೆ ಗೋಲಿಬಾರು ಆದಂಥ ದಿನ ರಾಜಧಾನಿಯ ವರದಿಗಾರರು ಓಡಿಬರುತ್ತಾರೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಮಲಪ್ರಭೆಯ ನೀರಾವರಿ ಕರದ ನೋಟೀಸುಗಳು ಯಾವ ಮನೆಗೆ ಬಂದವು, ನೀರು ಮುಟ್ಟದ ಹೊಲಕ್ಕೂ ಕರ ಹೇರಿದರೇ ಎಂದು ತಿಂಗಳುಗಟ್ಟಲೆ ಬೆನ್ನುಹತ್ತುವ ಕೆಲಸ ಊರಲ್ಲೇ ಇರುವವನದು. 2015ರಿಂದ ನೀರಿಗಾಗಿ ನಡೆದ ಮಹದಾಯಿ-ಕಳಸಾ ಬಂಡೂರಿ ಧರಣಿಗೂ ಇದೇ ಮಾತು. ಅಂಥ ಕೆಲಸ ಕಮಿಶನ್ನಿನ ಮೇಲೆ ನಡೆಯುವುದಿಲ್ಲ. ನಡೆದರೆ ಅದರ ಬೆಲೆ ಬೇರೆ ರೀತಿಯಲ್ಲಿ ತೆರಬೇಕಾಗುತ್ತದೆ: ಯಾರ ಹುಟ್ಟುಹಬ್ಬದ ಜಾಹೀರಾತಿನಿಂದ ತನ್ನ ತಿಂಗಳು ಸಾಗುತ್ತದೋ ಅವರ ಮೇಲೆ ಬರೆಯುವ ಧೈರ್ಯ ಎಲ್ಲರಿಗೂ ಇರಬೇಕೆಂದು ಬಯಸುವುದು ಅತಿಯಾಯಿತು.

ಅಂಚೆಯಣ್ಣನ ದುಡಿಮೆಯೂ ಇದೇ ಲೆಕ್ಕಕ್ಕೆ ಸೇರಬೇಕು. ಸಾಮಾನ್ಯ ಲಕೋಟೆಗೆ 5 ರೂಪಾಯಿ ಇದ್ದಾಗ ನೋಂದಾಯಿತ ಪತ್ರಿಕೆಯ 50 ಗ್ರಾಂವರೆಗಿನ ಪ್ರತಿಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ ಇತ್ತು. ಕಲಘಟಗಿಯ ಕಾಡಂಚಿನ ಹಳ್ಳಿಗೆ ಒಂದು ಮಾಸಪತ್ರಿಕೆ ಆ ದರದಲ್ಲಿ ಮುಟ್ಟುವುದು ಗ್ರಾಮೀಣ ಡಾಕ್ ಸೇವಕನ ಸೈಕಲ್ಲಿನ ಮೇಲೆ. 2018ರ ಪರಿಷ್ಕರಣೆಯಾದ ಮೇಲೆ ಅವನ ಮೂಲ ಭತ್ಯೆ ದಿನಕ್ಕೆ ನಾಲ್ಕು ತಾಸಿನ ಕೆಲಸಕ್ಕೆ ತಿಂಗಳಿಗೆ 10,000, ಐದು ತಾಸಿಗೆ 12,000 ರೂಪಾಯಿ. ಕಾಯಂ ನೌಕರನಲ್ಲ. ಇನ್ನೂ ಒಂದು ತೊಡಕು: ಈ ರಿಯಾಯಿತಿ 31 ದಿನಕ್ಕಿಂತ ಹೆಚ್ಚಿನ ಅಂತರವಿಲ್ಲದ ಪತ್ರಿಕೆಗಳಿಗೆ ಮಾತ್ರ. ದ್ವೈಮಾಸಿಕ, ತ್ರೈಮಾಸಿಕಗಳಿಗೆ ಇಲ್ಲ. ಸಂಪಾದಕ ಪಗಾರವಿಲ್ಲದೆ ದುಡಿಯುವವನಾದ್ದರಿಂದ ಮೂರು ತಿಂಗಳಿಗೊಮ್ಮೆ ತರುತ್ತಾನೆ. ಮೂರು ತಿಂಗಳಿಗೊಮ್ಮೆ ತರುವುದರಿಂದ ಅಂಚೆಯ ಅಗ್ಗದ ದರವೂ ತಪ್ಪುತ್ತದೆ.

ಕನ್ನಡದ ಕೆಲಸವನ್ನು ಹೀಗೆ ಕೂಲಿಯ ಲೆಕ್ಕಕ್ಕೆ ಇಳಿಸಬಾರದು, ಪಗಾರ ನೋಡಿ ಬರೆದಿದ್ದರೆ ಆಲೂರರೂ ಬೇಂದ್ರೆಯವರೂ ಬರೆಯುತ್ತಿದ್ದರೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಪ್ರಾಮಾಣಿಕವಾದದ್ದು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಬೆಲೆ ಕಟ್ಟಿದರೆ ಪ್ರೀತಿ ಹೋಗುತ್ತದೆ ಎಂಬ ಭಯ ಅದರ ಹಿಂದಿದೆ. ಆದರೆ ಪುಕ್ಕಟೆ ದುಡಿಯುವ ಶಕ್ತಿ ಎಲ್ಲರಿಗೂ ಸಮನಾಗಿ ಹಂಚಿ ಬಂದಿಲ್ಲ. ಮನೆಯಲ್ಲಿ ಹೊಲವಿದ್ದವರು, ಸರಕಾರಿ ನೌಕರಿಯಿದ್ದವರು, ಊಟಕ್ಕೆ ಕರೆಯುವ ತನಕ ಬರೆಯುತ್ತ ಕೂರಬಲ್ಲ ಗಂಡಸರು ಹೆಚ್ಚು ಸೇವೆ ಮಾಡಬಲ್ಲರು. ಕೂಲಿಗೆ ಹೋಗುವ ಮನೆಯಿಂದ ಬಂದವನು, ಬೆಳಗಿನಿಂದ ರಾತ್ರಿಯವರೆಗೆ ಮನೆಗೆಲಸವಿರುವ ಹೆಣ್ಣುಮಗಳು ಅಷ್ಟು ಸೇವೆ ಮಾಡಲಾರರು. ಸೇವೆಯ ಮೇಲೆಯೇ ನಿಂತ ಪತ್ರಿಕಾಲೋಕದಲ್ಲಿ ಯಾರ ದನಿ ಹೆಚ್ಚು ಕೇಳುತ್ತದೆ ಎಂಬುದು ಆಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಹಳೆಯ ಸಂಚಿಕೆಗಳ ಪರಿವಿಡಿ ತೆರೆದು ಹೆಸರುಗಳನ್ನು ಓದುತ್ತ ಹೋಗಿ. ಇದು ನನ್ನ ಕಲ್ಪನೆಯಲ್ಲ ಎಂದು ತಿಳಿಯುತ್ತದೆ.

ಓದುಗ ಹೆಚ್ಚು ಬೆಲೆ ಕೊಡುವುದಿಲ್ಲ ಎಂಬ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಅದರಲ್ಲಿ ಅರ್ಧ ನಿಜವಿದೆ. 1999ರಿಂದ ‘ವಿಜಯ ಕರ್ನಾಟಕ’ ತಂದ ಬೆಲೆಯ ಪೈಪೋಟಿಯ ನಂತರ ಪತ್ರಿಕೆ ಎಂದರೆ ಚಹಾಕ್ಕಿಂತ ಸೋವಿಯಾಗಿರಬೇಕು ಎಂಬ ಭಾವನೆ ಬೇರೂರಿತು. ಅದರ ಖರ್ಚನ್ನು ಜಾಹೀರಾತು ಭರಿಸುತ್ತಿತ್ತು. ಜಾಹೀರಾತು ಮೊಬೈಲಿಗೆ ಹೋದಾಗ ಬೆಲೆ ಏರಿಸುವ ಧೈರ್ಯ ಉಳಿದಿರಲಿಲ್ಲ. ಆದರೂ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಮುಟ್ಟದೆ ಓದುಗರು ಕೊಟ್ಟ ದುಡ್ಡಿನಿಂದ ಎರಡು ದಶಕ ನಡೆಯಿತು. ಅದು ನುಣುಪು ಕಾಗದದ ಪತ್ರಿಕೆಯಾಗಿರಲಿಲ್ಲ. ಓದುಗ ಅಲ್ಲಿ ಬರೆದವರ ಬರವಣಿಗೆಗೆ ದುಡ್ಡು ಕೊಟ್ಟ. ಬೇಕಾದ ಕಡೆಗೆ ದುಡ್ಡು ಹುಟ್ಟುತ್ತದೆ ಎಂಬುದನ್ನು ಕಾಗದದ ಮಾತಿನಲ್ಲೂ ನೋಡಬಹುದು. ಪತ್ರಿಕಾ ಕಾಗದದ ಮೇಲೆ 2019ರಲ್ಲಿ ಹಾಕಿದ ಶೇಕಡಾ 10ರ ಆಮದು ಸುಂಕವನ್ನು ಪತ್ರಿಕಾ ಮಾಲೀಕರು ಒಟ್ಟಾಗಿ ವಿರೋಧಿಸಿದರು, ಮರುವರ್ಷ ಅದು 5ಕ್ಕೆ ಇಳಿಯಿತು. 2022ರಲ್ಲಿ ಯುಕ್ರೇನಿನ ಯುದ್ಧದಿಂದ ಕಾಗದದ ದರ ಗಗನಕ್ಕೇರಿದಾಗಲೂ ಎಲ್ಲಿಂದಲೋ ಹೊಂದಿಸಿ ಕೊಟ್ಟು ಕೊಂಡರು, ಏಕೆಂದರೆ ಕಾಗದದ ಗಿರಣಿಗೆ ಮುಂದಿನ ತಿಂಗಳು ನೋಡೋಣ ಎನ್ನಲಾಗದು. ಆ ಮಾತನ್ನು ಹೇಳಬಹುದಾದದ್ದು ಬರೆದವನಿಗೆ, ಅರೆಕಾಲಿಕ ವರದಿಗಾರನಿಗೆ. ಕೊಡುವ ತಾಕತ್ತು ಎಂಬುದು ಎದುರಿಗೆ ಕೇಳುವವನ ತಾಕತ್ತನ್ನೂ ಅವಲಂಬಿಸಿದೆ.

ಆ ಕೇಳುವ ತಾಕತ್ತು ಇನ್ನಷ್ಟು ಕುಗ್ಗುವ ಲಕ್ಷಣಗಳಿವೆ. 2020ರಲ್ಲಿ ಸಂಸತ್ತು ಒಪ್ಪಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 1955ರ ಕಾಯಿದೆ ಕರಗಿಹೋಗಿದೆ. ವಿದ್ಯುನ್ಮಾನ ಮಾಧ್ಯಮದವರನ್ನೂ ಪತ್ರಕರ್ತರ ವ್ಯಾಖ್ಯೆಯೊಳಗೆ ತಂದದ್ದು ಒಳ್ಳೆಯದೇ. ಆದರೆ ಪತ್ರಕರ್ತರಿಗೆಂದೇ ಇದ್ದ ವೇತನ ಮಂಡಳಿಯ ಏರ್ಪಾಟು ಹೋಯಿತು. ಮಂಡಳಿಗಳು ತಡಮಾಡಿದವು, ಅವುಗಳ ತೀರ್ಮಾನವನ್ನು ಪಾಲಿಸಿದವರೂ ಕಡಿಮೆ. ಆದರೂ ಈ ಉದ್ಯಮದಲ್ಲಿ ಯಾರಿಗೆ ಎಷ್ಟು ಸಿಗುತ್ತದೆ ಎಂದು ಲೆಕ್ಕದ ಪುಸ್ತಕ ತರಿಸಿ ನೋಡುವ ಒಂದು ಜಾಗ ಅದಾಗಿತ್ತು. ಆ ನೋಟವನ್ನು ಉಳಿಸಿಕೊಳ್ಳಲು ಹೊಸ ಕಚೇರಿಯೇನೂ ಬೇಡ. 1956ರ ನಿಯಮಗಳ ಕಾಲದಿಂದ ಪ್ರತಿ ಪತ್ರಿಕೆ ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ಫಾರ್ಮ್ 4’ ಎಂಬ ಹೇಳಿಕೆ ಛಾಪಿಸುವ ರೂಢಿ ದಶಕಗಳಿಂದ ನಡೆದುಬಂದಿದೆ. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕ, ಪ್ರಕಾಶಕ, ಸಂಪಾದಕ, ಒಡೆತನದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲಿರುವವರ ಹೆಸರು, ಇಷ್ಟನ್ನು ಸಣ್ಣ ಅಕ್ಷರದಲ್ಲಿ ಯಾವುದೋ ಮೂಲೆಯಲ್ಲಿ ಹಾಕಿರುತ್ತಾರೆ. ಅದರ ಕೆಳಗೆ ಕನ್ನಡ ಪತ್ರಿಕೆಗಳು ತಾವಾಗಿಯೇ ಮೂರು ಸಾಲು ಸೇರಿಸಬಹುದು: ಕಳೆದ ವರ್ಷ ಕಚೇರಿಯ ನೌಕರರಿಗೆ ಕೊಟ್ಟದ್ದೆಷ್ಟು, ಲೇಖಕರಿಗೆ ಕೊಟ್ಟ ಸಂಭಾವನೆ ಎಷ್ಟು, ತಾಲೂಕಿನ ವರದಿಗಾರರಿಗೆ ಕಮಿಶನ್ ಬಿಟ್ಟು ಕೊಟ್ಟದ್ದೆಷ್ಟು. ಸಣ್ಣ ಪತ್ರಿಕೆಗಳಿಗೆ ಇದರಿಂದ ಮುಜುಗರವಾಗುತ್ತದೆ ಎನ್ನುವವರಿದ್ದಾರೆ. ಸೊನ್ನೆ ಇದ್ದರೆ ಸೊನ್ನೆ ಎಂದೇ ಛಾಪಿಸಲಿ. ಸೊನ್ನೆಯಿಂದ ‘ಸಂಕ್ರಮಣ’ದಂಥ ಪತ್ರಿಕೆಯ ಮಾನ ಹೋಗುವುದಿಲ್ಲ, ಹೆಚ್ಚುತ್ತದೆ. ಜಾಹೀರಾತಿನಿಂದ ತುಂಬಿದ ದೊಡ್ಡ ಪತ್ರಿಕೆಯ ಮೂರನೆಯ ಸಾಲಿನಲ್ಲಿ ಸೊನ್ನೆ ಕಂಡರೆ ಅಣ್ಣಿಗೇರಿಯ ವರ್ಗಣಿದಾರ ಒಂದು ಕಾರ್ಡು ಬರೆದು ಕಾರಣ ಕೇಳಬಹುದು.